ಪದರಗಳ ನಡುವೆ ಜಾರಿಹೋದ ಸೈಕಲ್

ಬೀದರ್ ನಗರವು ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಅಂಚಿನಲ್ಲಿ ನೆಲೆಸಿರುವುದರಿಂದ, ಚೌಬಾರದ ದುಂಡು ಗೋಪುರದ ಬಳಿಯಿಂದ ಹೊರಟು, 1472ರಲ್ಲಿ ಕಟ್ಟಿದ ಮಹಮೂದ್ ಗಾವಾನ್ ಮದರಸಾವನ್ನು ಹಾದು ಕೋಟೆಯತ್ತ ಸಾಗುವ ಸೈಕಲ್ ಸವಾರನಿಗೆ ದೊಡ್ಡ ಏರು ಎದುರಾಗುವುದಿಲ್ಲ. ಅದೇ ಸವಾರ ಪೂರ್ವಕ್ಕೆ ಹೊರಳಿ, ಬಹಮನಿ ಸುಲ್ತಾನರ ಗೋರಿಗಳಿರುವ ಅಷ್ಟೂರಿಗೆ ಹೋದರೆ, ಪೆಡಲ್ ತುಳಿಯದೆ ಇಳಿದ ದಾರಿಯನ್ನೇ ಮರಳುವಾಗ ಏದುಸಿರು ಬಿಡುತ್ತ ಏರಬೇಕಾಗುತ್ತದೆ. ಸಾಮಾನ್ಯ ನಕ್ಷೆಯಲ್ಲಿ ಈ ಹೋಗುವಿಕೆಗೂ ಬರುವಿಕೆಗೂ ಒಂದೇ ಗೆರೆ.

ಈ ಕೊರತೆಯನ್ನು ತುಂಬಬಲ್ಲದ್ದು ಜಿಐಎಸ್, ಅಂದರೆ ಭೌಗೋಳಿಕ ಮಾಹಿತಿ ವ್ಯವಸ್ಥೆ. ರಸ್ತೆ, ಇಳಿಜಾರು, ಶಾಲೆ, ಸಂತೆ, ವಾಹನ ದಟ್ಟಣೆ ಇವುಗಳನ್ನು ಬೇರೆಬೇರೆ ಪದರಗಳಾಗಿ ಒಂದೇ ಭೂಭಾಗದ ಮೇಲೆ ಹಾಸಿ, ಎರಡು ಸ್ಥಳಗಳ ನಡುವಿನ ದೂರವನ್ನಷ್ಟೇ ಅಲ್ಲದೆ ಶ್ರಮವನ್ನೂ ಲೆಕ್ಕಹಾಕುವ ಈ ವಿಧಾನಕ್ಕೆ ಕ್ಯೂಜಿಐಎಸ್ ಎಂಬ ತಂತ್ರಾಂಶವೂ, 2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಜನರೇ ರಚಿಸುವ ನಕ್ಷೆಯೂ ಉಚಿತವಾಗಿ ದೊರೆಯುತ್ತವೆ. ಎತ್ತರದ ಮಾಹಿತಿಗಾಗಿ ಹಲವರು ನೆಚ್ಚುವುದು 2000ದ ಫೆಬ್ರವರಿಯಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆಯೊಂದು ರೇಡಾರ್‌ನಿಂದ ಅಳೆದ ದತ್ತಾಂಶವನ್ನು. ಅದು ನೆಲವನ್ನು ಸುಮಾರು 30 ಮೀಟರಿನ ಚೌಕಗಳಾಗಿ ಕತ್ತರಿಸಿ ಪ್ರತಿ ಚೌಕಕ್ಕೆ ಒಂದೇ ಎತ್ತರ ಕೊಡುವುದರಿಂದ, ಹಳೆ ಊರಿನ ಕಿರುಗಲ್ಲಿಯ ಕಡಿದಾದ ಏರು ಅದರಲ್ಲಿ ಸವೆದು ಸಪಾಟಾಗಿಬಿಡಬಹುದು.

ವಾಹನ ಸಂಚಾರದ ಒತ್ತಡವನ್ನು ಅಳೆಯಲು 2012ರಲ್ಲಿ ಅಮೆರಿಕದ ಸಂಶೋಧಕರು ಮುಂದಿಟ್ಟ ಕ್ರಮದಲ್ಲಿ ರಸ್ತೆಗಳು ಸವಾರನಿಗೆ ಉಂಟುಮಾಡುವ ಆತಂಕದ ಪ್ರಕಾರ ನಾಲ್ಕು ದರ್ಜೆಗಳಾಗುತ್ತವೆ: ಮಕ್ಕಳೂ ಹೋಗಬಲ್ಲದ್ದು ಮೊದಲನೆಯದು, ಗಟ್ಟಿ ಗುಂಡಿಗೆಯವರಿಗಷ್ಟೇ ಸಲ್ಲುವುದು ಕೊನೆಯದು. ಬೀದರ್ ಜಿಲ್ಲೆಯ ಭಾಲ್ಕಿಯಂಥ ಊರಿಗೆ ಇದನ್ನು ಅನ್ವಯಿಸುವಾಗ ಕಬ್ಬು ನುರಿಸುವ ತಿಂಗಳುಗಳನ್ನೇ ಬೇರೆ ಪದರವಾಗಿಸಬೇಕು. ಕಬ್ಬು ಹೇರಿದ ಟ್ರ್ಯಾಕ್ಟರ್ ರಸ್ತೆಗಿಳಿದ ದಿನ ಮೊದಲ ದರ್ಜೆಯ ರಸ್ತೆಯೂ ಹೆಚ್ಚು ಆತಂಕದ ದರ್ಜೆಗೆ ಜಿಗಿಯುತ್ತದೆ.

ಆದರೆ ಯಾವ ಪದರದಲ್ಲಿಯೂ ಸುಲಭವಾಗಿ ಸಿಗದವನು ಈಗಾಗಲೇ ಸೈಕಲ್ ತುಳಿಯುತ್ತಿರುವವನು. ಮೈಸೂರಿನಲ್ಲಿ 2017ರ ಜೂನ್‌ನಲ್ಲಿ ಸುಮಾರು 450 ಸೈಕಲ್‌ಗಳೊಂದಿಗೆ ಆರಂಭವಾದ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ ವ್ಯವಸ್ಥೆಯಲ್ಲಿ ಸವಾರಿಗಳ ದಾಖಲೆ ತಾನಾಗಿ ಮೂಡುತ್ತದೆ. ಸ್ವಂತ ಸೈಕಲ್‌ಗೆ ಆ ಭಾಗ್ಯವಿಲ್ಲ. ಸ್ಟ್ರಾವಾದಂಥ ಮೊಬೈಲ್ ಆ್ಯಪ್‌ಗಳು ತೋರಿಸುವುದು ವ್ಯಾಯಾಮಕ್ಕೆ ಹೊರಟವರ ಜಾಡನ್ನೇ ಹೆಚ್ಚಾಗಿ. 2011ರ ಜನಗಣತಿಯು ದುಡಿಯುವವರು ಕೆಲಸಕ್ಕೆ ಹೋಗುವ ದೂರವನ್ನೂ ಸಾಧನವನ್ನೂ ಕಲೆಹಾಕಿತಾದರೂ, ಆ ಕೋಷ್ಟಕದಿಂದ ಬೇಸಾಯಗಾರರು ಮತ್ತು ಕೃಷಿ ಕೂಲಿಗಳು ಹೊರಗುಳಿದರು. ಶಾಲಾಮಕ್ಕಳಂತೂ ಆ ಲೆಕ್ಕದವರೇ ಅಲ್ಲ. 2006-07ರಲ್ಲಿ ಮಕ್ಕಳಿಗೆ ಉಚಿತವಾಗಿ ಸೈಕಲ್ ಹಂಚಲು ತೊಡಗಿದ ರಾಜ್ಯದಲ್ಲಿ ಇದು ಸಣ್ಣ ಲೋಪವೇನಲ್ಲ. ನಕ್ಷೆಯಲ್ಲಿ ಗೆರೆ ಕಾಣದಿದ್ದರೆ ಸವಾರರೇ ಇಲ್ಲವೆಂದು ತಿಳಿಯುವ ಯೋಜಕ, ಜನ ಹೋಗದ ಕಡೆ ಪಥಕ್ಕೆ ಬಣ್ಣ ಬಳಿದು ಬರುತ್ತಾನೆ.

ಹಾಗಾಗಿ, ಬೀದರ್ ಜಿಲ್ಲೆಯ ಔರಾದ್ ಸೀಮೆಯ ಡಾಬಕಾದಂಥ ಊರಿನ ವಿಷಯದಲ್ಲಿ ಶಾಲೆಯ ಅಂಗಳದಲ್ಲಿ ದೊಡ್ಡ ಕಾಗದದ ನಕ್ಷೆ ಹಾಸಿ, ಮಕ್ಕಳ ಕೈಗೆ ಪೆನ್ಸಿಲ್ ಕೊಟ್ಟು ಅವರವರ ದಾರಿ ಗುರುತಿಸಿಕೊಂಡು, ಅನಂತರ ಗಣಕಕ್ಕೆ ಏರಿಸುವುದೇ ಹೆಚ್ಚು ನಂಬಲರ್ಹ. ಹಾಗೆ ಏರಿಸುವಾಗ ಗೆರೆಯ ಜೊತೆ ನೆಲದ ಗುಣ ಮತ್ತು ಋತುವನ್ನೂ ನಮೂದಿಸಬೇಕಾಗುತ್ತದೆ. ಏಕೆಂದರೆ ಬೇಸಿಗೆಯಲ್ಲಿ ಡಾಂಬರು ರಸ್ತೆಗಿಂತ ಹತ್ತಿರವಾಗುವ ಹೊಲದ ದಾರಿಯ ಎರೆಮಣ್ಣು, ಮಳೆ ಬಿದ್ದೊಡನೆ ಚಕ್ರಕ್ಕೂ ಮಡ್‌ಗಾರ್ಡ್‌ಗೂ ನಡುವೆ ಮೆತ್ತಿ ಗಟ್ಟಿಯಾಗುತ್ತದೆ. ಆಗ ಸೈಕಲ್ಲನ್ನು ಹೆಗಲ ಮೇಲೆ ಹೊರಬೇಕು, ಇಲ್ಲವೇ ಕಡ್ಡಿಯಿಂದ ಮಣ್ಣು ಕೆರೆಯುತ್ತ ಅಲ್ಲೇ ಕೂರಬೇಕು.