ರಸ್ತೆಗೂ ಟ್ರ್ಯಾಕ್‌ಗೂ ಒಂದೇ ಕಾರು: ಬ್ರೇಕ್ ಹೇಗಿರಬೇಕು?

ಬ್ರೇಕ್ ಕಾರಿನ ಚಲನಶಕ್ತಿಯನ್ನು ಶಾಖವಾಗಿ ಬದಲಿಸುತ್ತದೆ. ವೇಗ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ಟ್ರ್ಯಾಕ್‌ನಲ್ಲಿ ಸುತ್ತಿನ ಮೇಲೆ ಸುತ್ತು ಹೊಡೆಯುವಾಗ ಡಿಸ್ಕ್ ಆರಲು ಸಮಯವೇ ಸಿಗುವುದಿಲ್ಲ. ಆ ಶಾಖಕ್ಕೆ ಬ್ರೇಕ್ ಆಯಿಲ್ ಕುದಿದು ಗುಳ್ಳೆ ಎದ್ದರೆ ಪೆಡಲ್ ಮೆತ್ತಗಾಗಿ ಒಳಗಿಳಿಯುತ್ತದೆ.

ಹಾಗಾಗಿ ಮೊದಲ ಬದಲಾವಣೆ ಆಯಿಲ್‌ನದು. ಹೊಸ ಡಾಟ್ 4 ದರ್ಜೆಯ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದು. ತೇವ ಹೀರಿದ ಹಳೆಯದು 155 ಡಿಗ್ರಿಗೇ ಕುದಿಯಬಹುದು.

ಎರಡನೆಯದು ಪ್ಯಾಡ್. ರೇಸ್ ಪ್ಯಾಡ್ ತಣ್ಣಗಿದ್ದಾಗ ಸರಿಯಾಗಿ ಹಿಡಿಯುವುದಿಲ್ಲ. ಬೆಳಗಿನ ಮೊದಲ ಸಿಗ್ನಲ್‌ನಲ್ಲೇ ಅಪಾಯ. ಎರಡೂ ಕಡೆ ಒಗ್ಗುವ ಪ್ಯಾಡ್ ಬೇಕು.

ಆಮೇಲೆ ಸ್ಟೀಲ್ ಹೆಣಿಗೆಯ ಹೋಸ್: ಒತ್ತಡಕ್ಕೆ ಉಬ್ಬುವುದು ಕಡಿಮೆ, ಪೆಡಲ್ ಗಟ್ಟಿ. ದೊಡ್ಡ ಡಿಸ್ಕ್, ಕ್ಯಾಲಿಪರ್ ಕೊನೆಗೆ.

ಕಾರನ್ನು ಕೊನೆಗೆ ನಿಲ್ಲಿಸುವುದು ಟಯರ್‌ನ ಹಿಡಿತ. ಸವೆದ ಟಯರ್ ಇದ್ದರೆ ಈ ಯಾವ ಖರ್ಚೂ ಫಲ ಕೊಡದು.