ಓಲಿನ್ ವೇದಿಕೆಯಲ್ಲಿ ಓಲಿನ್ ವಿಚಾರಣೆ

ನಮ್ಮಲ್ಲಿ ದತ್ತಿ ಉಪನ್ಯಾಸ ನಡೆಯುವ ಕ್ರಮ ಎಲ್ಲರಿಗೂ ಗೊತ್ತು. ದತ್ತಿ ಇಟ್ಟವರ ಮನೆತನದ ಗುಣಗಾನಕ್ಕೆ ಅರ್ಧ ಗಂಟೆ, ಹಾರ, ಶಾಲು, ಫಲತಾಂಬೂಲಕ್ಕೆ ಇನ್ನೊಂದಿಷ್ಟು. ಉಪನ್ಯಾಸಕರು ಮೈಕಿನ ಮುಂದೆ ಬರುವಷ್ಟರಲ್ಲಿ ಸಭೆ ಅರ್ಧ ಖಾಲಿ. ಯಾರ ಹೆಸರಿನಲ್ಲಿ ಕಾರ್ಯಕ್ರಮವೋ ಅವರ ವಿಚಾರವನ್ನೇ ಅಲ್ಲಿ ಯಾರಾದರೂ ಒರೆಗೆ ಹಚ್ಚಿದರೆ ಮುಂದಿನ ವರ್ಷ ಅವರಿಗೆ ಕರೆ ಬರುವುದಿಲ್ಲ. ಸ್ವೀಡನ್ನಿನ ಸ್ಟಾಕ್‌ಹೋಮ್ ಸ್ಕೂಲ್ ಆಫ್ ಎಕನಾಮಿಕ್ಸ್ 1987ರಲ್ಲಿ ಶುರುಮಾಡಿದ ಬರ್ಟಿಲ್ ಓಲಿನ್ ಉಪನ್ಯಾಸ ಮಾಲಿಕೆಯಲ್ಲಾದರೋ ಒರೆಗೆ ಹಚ್ಚುವುದೇ ಮುಖ್ಯ ಕೆಲಸ.

ಓಲಿನ್ (1899–1979) ಆ ಸಂಸ್ಥೆಯಲ್ಲೇ ಓದಿ, 1930ರಿಂದ 1965ರವರೆಗೆ ಅಲ್ಲೇ ಪ್ರೊಫೆಸರ್ ಆಗಿದ್ದವರು. ಪಾಠ ಹೇಳುತ್ತಲೇ ಎರಡು ದಶಕಕ್ಕೂ ಹೆಚ್ಚು ಕಾಲ ಸ್ವೀಡನ್ನಿನ ಲಿಬರಲ್ ಪಕ್ಷವನ್ನು ಮುನ್ನಡೆಸಿದರು. ಯುದ್ಧದ ಕೊನೆಯಲ್ಲಿ ಒಂದಷ್ಟು ತಿಂಗಳು ವಾಣಿಜ್ಯ ಸಚಿವರೂ ಆಗಿದ್ದರು. ಅವರ ಮಗಳು ಆನ್ ವಿಬ್ಲೆ 1991ರಲ್ಲಿ ಆ ದೇಶದ ಮೊದಲ ಮಹಿಳಾ ಹಣಕಾಸು ಸಚಿವೆಯಾದರು. 1977ರಲ್ಲಿ ಓಲಿನ್‌ಗೆ ಬ್ರಿಟನ್ನಿನ ಜೇಮ್ಸ್ ಮೀಡ್ ಜೊತೆ ಅರ್ಥಶಾಸ್ತ್ರದ ನೊಬೆಲ್ ಬಂತು.

ಗುರು ಎಲಿ ಹೆಕ್ಷರ್ 1919ರಲ್ಲಿ ಸ್ವೀಡಿಷ್ ಲೇಖನವೊಂದರಲ್ಲಿ ಬಿತ್ತಿದ ವಿಚಾರವನ್ನು ಶಿಷ್ಯ 1933ರ ಗ್ರಂಥದಲ್ಲಿ ಬೆಳೆಸಿದರು. ತಿರುಳು ಸರಳ. ಯಾವ ದೇಶದ ಬಳಿ ಏನು ಹೇರಳವಾಗಿದೆಯೋ ಅದನ್ನು ಹೆಚ್ಚಾಗಿ ಬೇಡುವ ಸರಕನ್ನು ಆ ದೇಶ ಹೊರಗೆ ಮಾರುತ್ತದೆ. ಭೂಮಿ ವಿಶಾಲ, ಜನ ಕಡಿಮೆ ಇರುವ ಆಸ್ಟ್ರೇಲಿಯಾ ಉಣ್ಣೆ ಕಳಿಸುತ್ತದೆ. ಅದರ ಹೊಲಗಾವಲುಗಳೇ ಉಣ್ಣೆಯ ರೂಪದಲ್ಲಿ ಹಡಗು ಹತ್ತಿದ ಹಾಗೆ. ಕೇಳಿದರೆ ಇಷ್ಟೇನಾ ಅನ್ನಿಸಬಹುದು. ಆದರೆ 1953ರಲ್ಲಿ ಅರ್ಥಶಾಸ್ತ್ರಜ್ಞ ವಾಸಿಲಿ ಲಿಯೊಂಟಿಫ್ ಅಮೆರಿಕದ ಲೆಕ್ಕ ತೆಗೆದು ನೋಡಿದಾಗ, ಬಂಡವಾಳ ತುಂಬಿ ತುಳುಕುವ ಆ ದೇಶ ಹೊರಗೆ ಕಳಿಸುತ್ತಿದ್ದದ್ದು ಹೆಚ್ಚು ದುಡಿಮೆ ಬೇಡುವ ಸರಕು ಎಂದು ಕಂಡಿತು. ಆ ಜಗಳ ಇನ್ನೂ ಪೂರ್ತಿ ಮುಗಿದಿಲ್ಲ.

ಮೊದಲ ಉಪನ್ಯಾಸ ಕೊಟ್ಟವರು ಮುಂಬಯಿಯಲ್ಲಿ ಹುಟ್ಟಿದ ಜಗದೀಶ್ ಭಗವತಿ. ನಂತರದ ವರ್ಷಗಳಲ್ಲಿ ಬಂದ ರೊನಾಲ್ಡ್ ಫಿಂಡ್ಲೆ ರಂಗೂನಿನಲ್ಲಿ, ದೀಪಕ್ ಲಾಲ್ ಲಾಹೋರಿನಲ್ಲಿ ಹುಟ್ಟಿದವರು. ಬ್ರಿಟಿಷ್ ಸಾಮ್ರಾಜ್ಯದ ವ್ಯಾಪಾರವನ್ನು ಕೆಳಗಿನಿಂದ ಕಂಡ ಊರುಗಳ ಮಕ್ಕಳೇ ಇಷ್ಟು ಜನ ಸ್ವೀಡನ್ನಿನ ವೇದಿಕೆಯಲ್ಲಿ ಸಾಲಾಗಿ ನಿಂತದ್ದು ಕಾಕತಾಳೀಯವೇನೂ ಅಲ್ಲ ಎಂದು ನನ್ನ ಅನಿಸಿಕೆ. ಭಗವತಿ ಮಾತಾಡಿದಾಗ ಜಪಾನಿನ ಕಾರುಗಳ ಭಯ ಅಮೆರಿಕವನ್ನು ಹಿಡಿದಿತ್ತು. ಗ್ಯಾಟ್ ಎಂಬ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಮಾತುಕತೆಗಳಿಂದ ಸುಂಕ ಇಳಿಯುತ್ತಿದ್ದರೂ, ‘ನೀವಾಗಿಯೇ ರಫ್ತು ಕಡಿಮೆ ಮಾಡಿಕೊಳ್ಳಿ’ ಎಂಬ ಒಪ್ಪಂದಗಳ ಹಿಂಬಾಗಿಲಿನಿಂದ ರಕ್ಷಣಾ ನೀತಿ ಒಳಗೆ ಬರುತ್ತಿತ್ತು. ಪೈಪೋಟಿಯಲ್ಲಿ ಕುಗ್ಗುತ್ತಿರುವ ದೈತ್ಯನ ದಿಗಿಲು ಅದು, ಹತ್ತೊಂಬತ್ತನೇ ಶತಮಾನದ ಕೊನೆಗೆ ಬ್ರಿಟನ್‌ಗೂ ಹೀಗೇ ಆಗಿತ್ತು ಎಂದರು ಭಗವತಿ. ಇವತ್ತಿನ ಸುಂಕಸಮರದ ಸುದ್ದಿಯ ಪಕ್ಕದಲ್ಲಿಟ್ಟು ಓದಿದರೂ ಆ ಮಾತು ಹಳತೆನಿಸುವುದಿಲ್ಲ.

ಮಾಲಿಕೆಯ ರತ್ನ ಮಾತ್ರ 1992ರಲ್ಲಿ ಪಾಲ್ ಕ್ರುಗ್ಮನ್ ಕೊಟ್ಟದ್ದು. ಓಲಿನ್ ಸಿದ್ಧಾಂತದ ಪ್ರಕಾರ ಒಂದೇ ಬಗೆಯ ಸಂಪತ್ತಿರುವ ದೇಶಗಳು ಪರಸ್ಪರ ಹೆಚ್ಚು ವ್ಯಾಪಾರ ಮಾಡಬಾರದು. ಆದರೆ ಜರ್ಮನಿ ಫ್ರಾನ್ಸ್‌ಗೆ ಕಾರು ಮಾರುತ್ತದೆ, ಫ್ರಾನ್ಸ್ ಜರ್ಮನಿಗೆ ಕಾರು ಮಾರುತ್ತದೆ. ಉತ್ಪಾದನೆ ದೊಡ್ಡದಾದಷ್ಟೂ ಖರ್ಚು ಇಳಿಯುವುದರಿಂದ ಉದ್ಯಮಗಳು ಒಂದೊಂದು ಕಡೆ ಗುಂಪುಗೂಡುತ್ತವೆ ಎನ್ನುವುದು ಕ್ರುಗ್ಮನ್ ವಾದ. ಅದನ್ನು ಹೇಳಲು ಅವರು ಆಫ್ರಿಕದ ನಕ್ಷೆಗಳಿಂದ ಶುರುಮಾಡುತ್ತಾರೆ. ಹಳೆಯ ಯುರೋಪಿಯನ್ ನಕ್ಷೆಗಳಲ್ಲಿ ಒಳನಾಡಿನ ನದಿ, ಪಟ್ಟಣಗಳ ಜೊತೆ ಕಟ್ಟುಕಥೆಯ ವಿಚಿತ್ರ ಮನುಷ್ಯರೂ ಇದ್ದರು. ನಕ್ಷೆ ಬರೆಯುವ ವಿದ್ಯೆ ಕರಾರುವಾಕ್ಕಾದಂತೆ ಕರಾವಳಿಯ ಗೆರೆ ನಿಖರವಾಯಿತು, ಒಳನಾಡು ಖಾಲಿಯಾಯಿತು. ಕೇಳಿದ ಸುದ್ದಿಗೆ ಬೆಲೆ ಕೊಡಬಾರದು ಎಂದ ಮೇಲೆ ನಿಜವಾದ ನದಿಗಳೂ ಅಳಿಸಿಹೋದವು. ಅರ್ಥಶಾಸ್ತ್ರಕ್ಕೂ ಹೀಗೇ ಆಯಿತು: 1940–50ರ ದಶಕಗಳಲ್ಲಿ ಹಿರ್ಶ್‌ಮನ್, ಮಿರ್ಡಾಲ್ ಮುಂತಾದ ಅರ್ಥಶಾಸ್ತ್ರಜ್ಞರು ಅಭಿವೃದ್ಧಿಯ ಬಗ್ಗೆ ಹೇಳಿದ ಒಳ್ಳೆಯ ವಿಚಾರಗಳು ಗಣಿತದ ಚೌಕಟ್ಟಿಗೆ ಸಿಗಲಿಲ್ಲವೆಂದೇ ಮರೆಯಾದವು. ಇದರ ಜೊತೆಗೇ ಕ್ರುಗ್ಮನ್, ತಿರುಗುವ ಪಾತ್ರೆಯೊಂದರಲ್ಲಿ ನೀರಿಟ್ಟು, ಅಂಚಿಗೆ ಕಾವು ಕೊಟ್ಟು ಭೂಮಿಯ ಹವಾಮಾನದ ಸುಳಿಗಳನ್ನು ತೋರಿಸಿದ ಷಿಕಾಗೋ ವಿಜ್ಞಾನಿ ಡೇವ್ ಫುಲ್ಟ್ಸ್‌ರ ಪ್ರಯೋಗವನ್ನೂ ತರುತ್ತಾರೆ. ಅಂಥ ಬಾಲಿಶ ಮಾದರಿಯೂ ಬೇಕು, ಅದು ಬಿಟ್ಟದ್ದರ ನೆನಪೂ ಬೇಕು ಎನ್ನುವ ಈ ಹದವನ್ನು ನಾನು ಬೇರೆ ಅರ್ಥಶಾಸ್ತ್ರಜ್ಞರಲ್ಲಿ ಅಷ್ಟಾಗಿ ಕಂಡಿಲ್ಲ. 2008ರಲ್ಲಿ ಕ್ರುಗ್ಮನ್ ನೊಬೆಲ್ ಪಡೆಯಲು ಮತ್ತೆ ಸ್ಟಾಕ್‌ಹೋಮ್‌ಗೆ ಬಂದರು.

ನಮ್ಮವರಿಗೆ ಹತ್ತಿರವಾಗಬಹುದಾದದ್ದು 2004ರಲ್ಲಿ ಜೆಫ್ರಿ ವಿಲಿಯಮ್ಸನ್ ಕೊಟ್ಟ ಉಪನ್ಯಾಸ. 1950ಕ್ಕೆ ಮೊದಲಿನ ಜಾಗತೀಕರಣ ಬಡ ದೇಶಗಳಿಗೆ ಏನು ಮಾಡಿತು ಎಂಬುದು ವಿಷಯ. ಹತ್ತೊಂಬತ್ತನೇ ಶತಮಾನದ ಬಹುಕಾಲ ಕಚ್ಚಾವಸ್ತುವಿನ ಬೆಲೆ, ಗಿರಣಿ ಸರಕಿನ ಬೆಲೆಗೆ ಹೋಲಿಸಿದರೆ, ಏರುತ್ತಲೇ ಹೋಯಿತು. ಬೆಳೆದು ಮಾರುವುದೇ ಲಾಭವಾದಾಗ ಮಗ್ಗ ಸೊರಗಿತು. ಕೆಟ್ಟದ್ದು ಬೆಲೆ ಬಿದ್ದದ್ದರಿಂದಲ್ಲ, ಏರಿದ್ದರಿಂದ! ಇದನ್ನು ಓದುವಾಗ ಧಾರವಾಡ, ಗದಗ ಸೀಮೆಯ ಎರೆಭೂಮಿ ನೆನಪಾಗದಿರದು. ಅಮೆರಿಕದಲ್ಲಿ ಅಂತರ್ಯುದ್ಧ ನಡೆದ 1860ರ ದಶಕದಲ್ಲಿ ಈ ಎರೆಭೂಮಿಯ ಹತ್ತಿ ಘಟ್ಟವಿಳಿದು ಕುಮಟಾ ಬಂದರಿನ ಮೂಲಕ ಲ್ಯಾಂಕಷೈರ್ ಗಿರಣಿಗಳತ್ತ ಹೋಯಿತು. ಆ ಗಿರಣಿಗಳ ಬಟ್ಟೆ ಇತ್ತ ನಮ್ಮ ನೇಕಾರರ ಕೇರಿಗಳಿಗೆ ಬಂತು. ಬ್ರಿಟಿಷರ ದಬ್ಬಾಳಿಕೆಯನ್ನು ವಿಲಿಯಮ್ಸನ್ ಲೆಕ್ಕ ಹಗುರ ಮಾಡಿಬಿಡುತ್ತದೆ ಎಂಬ ಗುಮಾನಿ ನನಗಿದೆ. ಆದರೂ ಬೆಲೆಯ ಪಟ್ಟಿಯನ್ನು ಪಕ್ಕಕ್ಕಿಟ್ಟು ಆ ಕಥೆ ಹೇಳುವುದು ಇನ್ನು ಕಷ್ಟ.

ಸರಕಿನ ಬದಲು ಬಿಡಿಭಾಗಗಳೇ ದೇಶದಿಂದ ದೇಶಕ್ಕೆ ಓಡಾಡುವುದನ್ನು 1997ರಲ್ಲಿ ರೊನಾಲ್ಡ್ ಜೋನ್ಸ್ ವಿವರಿಸಿದ್ದರು. 2008ರಲ್ಲಿ ರಾಬರ್ಟ್ ಫೀನ್‌ಸ್ಟ್ರಾ ಕೆಲಸಗಳೇ ಗಡಿ ದಾಟುವುದನ್ನು ಎತ್ತಿಕೊಂಡರು. ಓಲಿನ್ ದಾರಿಯಲ್ಲಿ ಯೋಚಿಸಿದರೆ, ವ್ಯಾಪಾರ ತೆರೆದಾಗ ಬಡ ದೇಶದಲ್ಲಿ ಕೂಲಿಯವರ ಮತ್ತು ಕಲಿತವರ ಸಂಬಳದ ನಡುವಿನ ಅಂತರ ಕುಗ್ಗಬೇಕು. ಆದರೆ ಅಮೆರಿಕದಲ್ಲಷ್ಟೇ ಅಲ್ಲ, ಮೆಕ್ಸಿಕೊದಲ್ಲೂ ಅದು ಹಿಗ್ಗಿತು. ಅಮೆರಿಕದ ಲೆಕ್ಕದಲ್ಲಿ ಕಡಿಮೆ ಕೌಶಲದ ಕೆಲಸ, ಅದು ಹೋಗಿ ಸೇರುವ ದೇಶದ ಲೆಕ್ಕದಲ್ಲಿ ಹೆಚ್ಚು ಕೌಶಲದ್ದು. ಹಾಗಾಗಿ ಎರಡೂ ಕಡೆ ಕಲಿತವರಿಗೇ ಬೇಡಿಕೆ ಎಂದು ಫೀನ್‌ಸ್ಟ್ರಾ ತೋರಿಸಿದರು. ಅಮೆರಿಕದಲ್ಲಿ ಸಾಧಾರಣ ಓದಿನವರು ಎತ್ತುತ್ತಿದ್ದ ಫೋನನ್ನು ಬೆಂಗಳೂರಿನಲ್ಲಿ ಪದವೀಧರರು ಎತ್ತಿದ್ದನ್ನು ಕಂಡವರಿಗೆ ಇದಕ್ಕೆ ಬೇರೆ ಪುರಾವೆ ಬೇಡ.

ಈ ಉಪನ್ಯಾಸಗಳು ಎಂಐಟಿ ಪ್ರೆಸ್ಸಿನಿಂದ ಪುಸ್ತಕಗಳಾಗಿ ಬಂದಿವೆ. ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸ ಮಾಲೆಯ ಹೊತ್ತಗೆಗಳನ್ನು ಬಲ್ಲವರಿಗೆ ಭಾಷಣ ಪುಸ್ತಕವಾಗುವ ಈ ಬಗೆ ಹೊಸದಲ್ಲ. ಜೋನ್ಸ್ ಮತ್ತು ಫೀನ್‌ಸ್ಟ್ರಾರನ್ನು ಓದಲು ಸಮೀಕರಣಗಳ ಅಭ್ಯಾಸ ಬೇಕು. ಭಗವತಿಯವರನ್ನು ಓದಲು ಪತ್ರಿಕೆ ಓದುವ ರೂಢಿ ಇದ್ದರೆ ಸಾಕು. ಕ್ರುಗ್ಮನ್ ಪುಸ್ತಕ ನೂರು ಚಿಲ್ಲರೆ ಪುಟದ್ದು. ಗಣಿತವನ್ನು ಕೊನೆಯ ಅನುಬಂಧಕ್ಕೆ ತಳ್ಳಿದ್ದಾರೆ, ಹಾಗಾಗಿ ಆ ಪುಸ್ತಕದಿಂದಲೇ ಶುರುಮಾಡುವುದು ವಾಸಿ.