ಕಂಠದೊಳಗಿನ ನಟ: ರ‍್ಯಾಪ್ ಕಲಾವಿದ ಡಿಎಂಎಕ್ಸ್ ಮತ್ತು ಸಿನಿಮಾ

ತಾಳದ ಮೇಲೆ ಪ್ರಾಸಬದ್ಧ ಮಾತನ್ನು ಓಟದಲ್ಲಿ ನುಡಿಯುವ ರ‍್ಯಾಪ್ ಕಲೆಯು 1970ರ ದಶಕದಲ್ಲಿ ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಪ್ರದೇಶದಲ್ಲಿ ಹುಟ್ಟಿ, ಮುಂದಿನ ಇಪ್ಪತ್ತು ವರ್ಷಗಳಲ್ಲಿ ಹಲವು ಕವಲುಗಳಾಗಿ ಹರಡಿತು. ಅವುಗಳಲ್ಲಿ ಹಾರ್ಡ್‌ಕೋರ್ ರ‍್ಯಾಪ್ ಎಂಬುದು ಬಡವರ ವಸತಿ ಸಮುಚ್ಚಯಗಳ ಹಿಂಸೆ, ಜೈಲುವಾಸ, ಮಾದಕವಸ್ತುಗಳ ವ್ಯಾಪಾರ ಮತ್ತು ಒಳಗೇ ಕುದಿಯುವ ಕೋಪವನ್ನು ಮೆರುಗು ಹಚ್ಚದೆ, ಒರಟು ದನಿಯಲ್ಲಿ, ಡ್ರಮ್ಮಿನ ಭಾರವಾದ ಪೆಟ್ಟಿಗೆ ಹೊಂದಿಸಿ ಹೇಳುವ ಕವಲು. ಈ ಕವಲಿನಿಂದ ಸಿನಿಮಾಕ್ಕೆ ಹೋದವರಲ್ಲಿ ಐಸ್-ಟಿ, ಐಸ್ ಕ್ಯೂಬ್, ಟುಪಾಕ್ ಶಕೂರ್, ಮೆಥಡ್ ಮ್ಯಾನ್ ಮೊದಲಾದವರ ಹೆಸರುಗಳು ಪ್ರಸಿದ್ಧವಾಗಿದ್ದರೂ, ಹಾಡಿನ ಅಭಿನಯಕ್ಕೂ ತೆರೆಯ ಅಭಿನಯಕ್ಕೂ ಇರುವ ಸಂಬಂಧವನ್ನು ಅರಿಯಬಯಸುವವರಿಗೆ ಡಿಎಂಎಕ್ಸ್ ಎಂಬ ಹೆಸರಿನಿಂದ ಖ್ಯಾತರಾದ ಅರ್ಲ್ ಸಿಮನ್ಸ್ ಅವರ ವೃತ್ತಿಜೀವನ ಎಲ್ಲಕ್ಕಿಂತ ಹೆಚ್ಚಿನದನ್ನು ತಿಳಿಸುತ್ತದೆ. ಕ್ಯಾಮೆರಾದ ಮುಂದೆ ನಿಲ್ಲುವುದಕ್ಕೆ ಮೊದಲೇ ಅವರು ನಟರಾಗಿದ್ದರು. ಆದರೆ ಆ ನಟನೆಯ ನೆಲೆ ಅವರ ಕಂಠದಲ್ಲಿತ್ತು, ಅವರನ್ನು ಕರೆದ ಚಿತ್ರೋದ್ಯಮಕ್ಕೆ ಬೇಕಾಗಿದ್ದುದು ಬಹುಪಾಲು ಅವರ ಮೈಕಟ್ಟು ಮತ್ತು ಮುಖದ ಸಿಟ್ಟು.

ಸಿಮನ್ಸ್ 1970ರ ಡಿಸೆಂಬರ್ 18ರಂದು ನ್ಯೂಯಾರ್ಕ್ ರಾಜ್ಯದ ಮೌಂಟ್ ವರ್ನನ್‌ನಲ್ಲಿ ಜನಿಸಿ, ಪಕ್ಕದ ಯಾಂಕರ್ಸ್ ಊರಿನ ಸರ್ಕಾರಿ ವಸತಿ ಸಮುಚ್ಚಯದಲ್ಲಿ ಬೆಳೆದರು. ಉಬ್ಬಸ, ಮನೆಯೊಳಗಿನ ಹೊಡೆತ, ಮಕ್ಕಳ ಆಶ್ರಯಗೃಹಗಳಲ್ಲಿ ಕಳೆದ ವರ್ಷಗಳು ಮತ್ತು ಬೀದಿನಾಯಿಗಳ ಒಡನಾಟ ಅವರ ಬಾಲ್ಯವನ್ನು ರೂಪಿಸಿದವೆಂಬುದು ಅವರು 2002ರಲ್ಲಿ ಪ್ರಕಟಿಸಿದ ಆತ್ಮಕಥೆಯಿಂದ ತಿಳಿಯುತ್ತದೆ. ಮುಂದೆ ಅವರ ಹಾಡುಗಳ ತುಂಬ ಕೇಳಿಬಂದ ಬೊಗಳು ಮತ್ತು ಗುರುಗುಟ್ಟುವಿಕೆಯ ಮೂಲವೂ ಅದೇ ಒಡನಾಟ. ಡ್ರಮ್ಮಿನ ನಾದವನ್ನು ಬಾಯಿಯಿಂದಲೇ ಹೊರಡಿಸುವ ಬೀಟ್‌ಬಾಕ್ಸ್ ಕಲೆಯ ಮೂಲಕ ಅವರು ಹದಿಹರೆಯದಲ್ಲಿ ಸಂಗೀತವನ್ನು ಪ್ರವೇಶಿಸಿದರು, ಮತ್ತು ಡಿಎಂಎಕ್ಸ್ ಎಂಬ ಹೆಸರನ್ನು ಆ ಕಾಲದ ಒಂದು ವಿದ್ಯುನ್ಮಾನ ಡ್ರಮ್ ಯಂತ್ರದಿಂದ ತೆಗೆದುಕೊಂಡರು. ಗುರುವಿನ ಸ್ಥಾನದಲ್ಲಿದ್ದ ಹಿರಿಯರೊಬ್ಬರು ಕ್ರ್ಯಾಕ್, ಅಂದರೆ ಸೇದುವ ರೂಪದ ಕೊಕೇನ್, ಬೆರೆಸಿದ್ದ ಸಿಗರೇಟನ್ನು ತನಗೆ ತಿಳಿಸದೆಯೇ ಕೊಟ್ಟಾಗ ತನಗೆ ಹದಿನಾಲ್ಕು ವರ್ಷವಾಗಿತ್ತೆಂದು ಸಿಮನ್ಸ್ 2020ರಲ್ಲಿ ಸಂದರ್ಶನವೊಂದರಲ್ಲಿ ಕಣ್ಣೀರಿಟ್ಟು ಹೇಳಿದರು. ಆ ಚಟ ಅವರನ್ನು ಬದುಕಿನ ಕೊನೆಯವರೆಗೂ ಬಿಡಲಿಲ್ಲ.

1991ರಲ್ಲಿ ‘ದ ಸೋರ್ಸ್’ ಎಂಬ ಹಿಪ್‌ಹಾಪ್ ಪತ್ರಿಕೆಯು ಹೊಸ ಕಲಾವಿದರಿಗಾಗಿ ಮೀಸಲಿಟ್ಟ ಅಂಕಣದಲ್ಲಿ ಅವರನ್ನು ಪರಿಚಯಿಸಿತು. ಮರುವರ್ಷ ಸಿಕ್ಕ ಧ್ವನಿಮುದ್ರಣ ಒಪ್ಪಂದದಿಂದ ಫಲವೇನೂ ದೊರೆಯಲಿಲ್ಲ. ನಡುವೆ ದರೋಡೆ, ಬಂಧನ, ಜೈಲು ಎಲ್ಲವೂ ನಡೆದವು. 1990ರ ದಶಕದ ಉತ್ತರಾರ್ಧದಲ್ಲಿ ಡೆಫ್ ಜ್ಯಾಮ್ ಕಂಪನಿಯವರು ಅವರ ಹಾಡನ್ನು ಕೇಳಲು ಯಾಂಕರ್ಸ್‌ಗೆ ಬಂದಾಗ, ಮುರಿದಿದ್ದ ಅವರ ದವಡೆಯನ್ನು ವೈದ್ಯರು ತಂತಿಯಿಂದ ಬಿಗಿದಿದ್ದರು, ಮತ್ತು ಅವರು ಬಿಗಿದ ಹಲ್ಲುಗಳ ನಡುವಿನಿಂದಲೇ ನುಡಿದು ಒಪ್ಪಂದವನ್ನು ಗೆದ್ದರು. ಸಿಮನ್ಸ್ ಅವರ ಸಾಮರ್ಥ್ಯ ಎಲ್ಲಿತ್ತೆಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ.

ಟುಪಾಕ್ 1996ರಲ್ಲಿಯೂ ನಟೋರಿಯಸ್ ಬಿ.ಐ.ಜಿ. 1997ರಲ್ಲಿಯೂ ಗುಂಡೇಟಿಗೆ ಬಲಿಯಾದ ಬಳಿಕ, ಅಮೆರಿಕದ ರ‍್ಯಾಪ್ ಸಂಗೀತದಲ್ಲಿ ಹೊಳೆಯುವ ಉಡುಪು, ದುಬಾರಿ ಮದ್ಯ ಮತ್ತು ನೃತ್ಯಕ್ಕೆ ಒಗ್ಗುವ ಹಳೆಯ ರಾಗಗಳ ಮರುಬಳಕೆ ಮುಂದೆ ಬಂದಿದ್ದವು. ಅಂಥ ಹೊತ್ತಿನಲ್ಲಿ, 1998ರ ಮೇ ತಿಂಗಳಿನಲ್ಲಿ, ಹೊರಬಂದ ‘ಇಟ್ಸ್ ಡಾರ್ಕ್ ಆ್ಯಂಡ್ ಹೆಲ್ ಈಸ್ ಹಾಟ್’ ಎಂಬ ಅವರ ಮೊದಲ ಆಲ್ಬಮ್ ಮೊದಲ ವಾರದಲ್ಲಿಯೇ ಸುಮಾರು ಎರಡೂವರೆ ಲಕ್ಷ ಪ್ರತಿಗಳಷ್ಟು ಮಾರಾಟವಾಗಿ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಮೈತುಂಬ ರಕ್ತದಂಥ ಬಣ್ಣ ಬಳಿದುಕೊಂಡ ಅವರ ಚಿತ್ರವನ್ನು ಮುಖಪುಟದಲ್ಲಿ ಹೊತ್ತ ಎರಡನೆಯ ಆಲ್ಬಮ್ ಅದೇ ಡಿಸೆಂಬರಿನಲ್ಲಿ ಬಂದು ಅದೇ ಸ್ಥಾನವನ್ನು ಪಡೆಯಿತು. 2003ರ ‘ಗ್ರ್ಯಾಂಡ್ ಚಾಂಪ್’ವರೆಗಿನ ಮೊದಲ ಐದೂ ಆಲ್ಬಮ್‌ಗಳು ಬಿಡುಗಡೆಯಾದ ವಾರವೇ ಮೊದಲ ಸ್ಥಾನ ಗಳಿಸಿದವು, ಅವರಿಗಿಂತ ಮೊದಲು ಈ ಸಾಧನೆ ಯಾರಿಂದಲೂ ಆಗಿರಲಿಲ್ಲ.

ಆದರೆ ಅಂಕಿಗಳಿಗಿಂತ ಮುಖ್ಯವಾದುದು ಆ ಆಲ್ಬಮ್‌ಗಳ ಒಳಗೆ ನಡೆಯುವ ನಾಟಕ. ಮೊದಲ ಆಲ್ಬಮ್ಮಿನ ‘ಡೇಮಿಯನ್’ ಎಂಬ ಹಾಡಿನಲ್ಲಿ ಗೆಳೆಯನ ಸೋಗಿನಲ್ಲಿ ಬಂದು, ಮೊದಲು ನೆರವನ್ನೂ ಆಮೇಲೆ ಅದರ ಬೆಲೆಯನ್ನೂ ಮುಂದಿಡುವ ಒಂದು ಪೈಶಾಚಿಕ ಶಕ್ತಿಯೊಂದಿಗೆ ನಾಯಕ ಮಾತಿಗಿಳಿಯುತ್ತಾನೆ. ಅದೇ ಆಲ್ಬಮ್ಮಿನ ‘ದ ಕಾನ್ವೊ’ ಹಾಡಿನಲ್ಲಿ ಆ ಸಂವಾದ ದೇವರೊಂದಿಗೆ ನಡೆಯುತ್ತದೆ. ಪ್ರಲೋಭನೆಯ ನಯವಾದ ಪಿಸುಮಾತು, ಅದಕ್ಕೆ ಒಲಿಯುತ್ತಿರುವವನ ಅಳುಕು, ದೈವದ ಸಮಾಧಾನದ ನುಡಿ, ಇವೆಲ್ಲಕ್ಕೂ ಸಿಮನ್ಸ್ ತಮ್ಮ ಒಂದೇ ಕಂಠದ ಬೇರೆ ಬೇರೆ ಮಗ್ಗುಲುಗಳನ್ನು ಕೊಡುತ್ತಾರೆ. ಬಣ್ಣ ಹಚ್ಚದೆ, ಕುಣಿಯದೆ, ಕುಳಿತ ಜಾಗದಲ್ಲಿಯೇ ಮಾತಿನಿಂದ ಪಾತ್ರವನ್ನು ಎಬ್ಬಿಸಿ ನಿಲ್ಲಿಸುವ ತಾಳಮದ್ದಳೆಯ ಅರ್ಥಧಾರಿಯನ್ನು ಕೇಳಿ ಬಲ್ಲ ಕನ್ನಡಿಗರಿಗೆ ಈ ಕಲೆಯ ಬಗೆ ಸುಲಭವಾಗಿ ಅರ್ಥವಾದೀತು. ಮೊದಲ ಐದೂ ಆಲ್ಬಮ್‌ಗಳಲ್ಲಿ ವಾದ್ಯವಿಲ್ಲದ ಒಂದೊಂದು ಪ್ರಾರ್ಥನೆಯಿದ್ದು, ಅಲ್ಲಿಯವರೆಗೆ ಗುಡುಗಿದ ದನಿ ಅಲ್ಲಿ ಒಡೆದು, ಬೇಡುವ ದನಿಯಾಗುತ್ತದೆ. 1999ರ ಜುಲೈನಲ್ಲಿ ನಡೆದ ವುಡ್‌ಸ್ಟಾಕ್ ಉತ್ಸವದ ವಿಶಾಲ ಜನಸಾಗರದ ಎದುರು ಸಹ ಅವರು ಪ್ರಾರ್ಥನೆಯನ್ನು ಬಿಡಲಿಲ್ಲ. ಅವರ ಅನೇಕ ಹಾಡುಗಳಲ್ಲಿ ಹೆಂಗಸರ ಬಗ್ಗೆ ಮತ್ತು ಸಲಿಂಗಿಗಳ ಬಗ್ಗೆ ಇರುವ ಕ್ರೂರ ಮಾತುಗಳನ್ನು ಸಮರ್ಥಿಸಲು ಸಾಧ್ಯವಿಲ್ಲ. ಪಾತ್ರದ ಮಾತೆಂಬ ವಿವರಣೆಯೂ ಅಲ್ಲಿ ಸಾಲದು. ಹಾಗಿದ್ದರೂ ಕೆಡುಕು ಮತ್ತು ಪಶ್ಚಾತ್ತಾಪ ಒಂದೇ ಉಸಿರಿನಲ್ಲಿ ಹೀಗೆ ಎದುರುಬದುರಾಗುವುದು ಆ ಕಾಲದ ರ‍್ಯಾಪ್‌ನಲ್ಲಿ ಅಪರೂಪವಾಗಿತ್ತು.

ಸಂಗೀತ ವಿಡಿಯೊಗಳ ನಿರ್ದೇಶಕರಾಗಿ ಹೆಸರು ಮಾಡಿದ್ದ ಹೈಪ್ ವಿಲಿಯಮ್ಸ್ 1998ರಲ್ಲಿ ನಿರ್ದೇಶಿಸಿದ ‘ಬೆಲಿ’ ಸಿಮನ್ಸ್ ಅವರ ಮೊದಲ ಮುಖ್ಯ ಚಿತ್ರ. ಇನ್ನೊಬ್ಬ ರ‍್ಯಾಪ್ ಕಲಾವಿದ ನಾಸ್ ಅವರೊಂದಿಗೆ ನಟಿಸಿದ ಈ ಚಿತ್ರದಲ್ಲಿ ಅವರದು ಟಾಮಿ ಎಂಬ ಮಾದಕವಸ್ತು ವ್ಯಾಪಾರಿಯ ಪಾತ್ರ. ನೀಲಿ ಬೆಳಕಿನಲ್ಲಿ ಮೈಗಳು ಹೊಳೆಯುವ ಆರಂಭದ ದರೋಡೆಯ ದೃಶ್ಯ ಇಂದಿಗೂ ಛಾಯಾಗ್ರಹಣದ ಮಾದರಿಯೆಂಬ ಮಾತಿದೆ; ಕಥೆಯ ಹೆಣಿಗೆ ಮಾತ್ರ ಸಡಿಲವಾಗಿದ್ದು, ವಿಮರ್ಶಕರ ಟೀಕೆಯಲ್ಲಿ ನ್ಯಾಯವಿತ್ತು. ಆದರೂ ಧರ್ಮಗುರುವೊಬ್ಬರನ್ನು ಕೊಲ್ಲಲು ಬಂದ ಟಾಮಿ ಅವರ ಮಾತನ್ನು ಕೇಳುತ್ತಾ ಕೇಳುತ್ತಾ ಬಂದೂಕನ್ನು ಇಳಿಸಿ ಕುಸಿಯುವ ಕೊನೆಯ ಭಾಗದಲ್ಲಿ, ಆಲ್ಬಮ್‌ಗಳಲ್ಲಿ ಕೇಳಿದ ಎರಡು ದನಿಗಳೂ ತೆರೆಯ ಮೇಲೆ ಮೊದಲ ಬಾರಿಗೆ ಒಟ್ಟಿಗೆ ಬಂದವು.

ಆಮೇಲಿನ ದಾರಿ ಬೇರೆಯಾಯಿತು. ಹಾಂಗ್‌ಕಾಂಗ್ ಮಾದರಿಯ ಹೊಡೆದಾಟವನ್ನೂ ಹಿಪ್‌ಹಾಪ್ ಸಂಗೀತವನ್ನೂ ಬೆಸೆದರೆ ಎರಡೂ ಕಡೆಯ ಯುವ ಪ್ರೇಕ್ಷಕರು ಬರುತ್ತಾರೆಂಬ ಲೆಕ್ಕಾಚಾರದಲ್ಲಿ ನಿರ್ಮಾಪಕ ಜೋಯೆಲ್ ಸಿಲ್ವರ್ ಮತ್ತು ನಿರ್ದೇಶಕ ಆಂದ್ರೇ ಬಾರ್ಟ್‌ಕೋವಿಯಾಕ್ ಮೂರು ಚಿತ್ರಗಳನ್ನು ಮಾಡಿದರು. 2000ದ ‘ರೋಮಿಯೋ ಮಸ್ಟ್ ಡೈ’ ಚಿತ್ರದಲ್ಲಿ ಸಿಮನ್ಸ್ ಅವರದು ಸಣ್ಣ ಪಾತ್ರ. 2001ರ ‘ಎಕ್ಸಿಟ್ ವೂಂಡ್ಸ್’ನಲ್ಲಿ ಸ್ಟೀವನ್ ಸೀಗಲ್ ಜೊತೆಗೂ, 2003ರ ‘ಕ್ರೇಡಲ್ 2 ದ ಗ್ರೇವ್’ನಲ್ಲಿ ಜೆಟ್ ಲೀ ಜೊತೆಗೂ ಸಮಸಮನಾದ ಪಾತ್ರಗಳು. ಕೊನೆಯ ಎರಡೂ ಚಿತ್ರಗಳು ಅಮೆರಿಕದಲ್ಲಿ ಬಿಡುಗಡೆಯಾದ ವಾರಾಂತ್ಯದಲ್ಲಿ ಗಳಿಕೆಯ ಮೊದಲ ಸ್ಥಾನ ಪಡೆದವು. ಲೆಕ್ಕಾಚಾರ ಗೆದ್ದಿತು, ಆದರೆ ಬೆನ್ನಟ್ಟುವಿಕೆ ಮತ್ತು ಸ್ಫೋಟಗಳ ನಡುವೆ ಅವರಿಗೆ ದೊರೆತುದು ತುಂಡು ತುಂಡು ಮಾತುಗಳು. ಒಂದು ಉಸಿರಿನಲ್ಲಿ ಎರಡು ಮನಸ್ಸುಗಳನ್ನು ತೋರಬಲ್ಲ ಕಲಾವಿದರಿಂದ ಗದರಿಕೆಯನ್ನಷ್ಟೇ ಪಡೆದುಕೊಂಡದ್ದು ದೊಡ್ಡ ನಷ್ಟ. ‘ಎಕ್ಸಿಟ್ ವೂಂಡ್ಸ್’ನಲ್ಲಿ ಸಿಮನ್ಸ್ ಅಭಿನಯಿಸಿದ, ಅಪರಾಧಿಯೆಂದು ತೋರುವ ವ್ಯಕ್ತಿ ನಿಜಕ್ಕೂ ಜೈಲಿನಲ್ಲಿರುವ ತಮ್ಮನನ್ನು ಬಿಡಿಸಲು ಹೆಣಗುತ್ತಿರುವ ಅಂತರ್ಜಾಲ ಉದ್ಯಮಿಯೆಂಬ ತಿರುವಿದ್ದು, ಅದನ್ನು ಬೆಳೆಸಿದ್ದರೆ ಒಳ್ಳೆಯ ಪಾತ್ರವಾಗುತ್ತಿತ್ತು.

ಸ್ಪೈಕ್ ಲೀ ಅವರ ಚಿತ್ರಗಳ ಛಾಯಾಗ್ರಾಹಕರಾಗಿದ್ದ ಅರ್ನೆಸ್ಟ್ ಡಿಕರ್ಸನ್ ನಿರ್ದೇಶಿಸಿದ, 2004ರ ‘ನೆವರ್ ಡೈ ಅಲೋನ್’ ಈ ನಷ್ಟವನ್ನು ಸ್ವಲ್ಪಮಟ್ಟಿಗೆ ತುಂಬಿಕೊಟ್ಟ ಚಿತ್ರ. ಡೊನಾಲ್ಡ್ ಗೊಯಿನ್ಸ್ ಅವರ ಕಾದಂಬರಿಯನ್ನು ಆಧರಿಸಿದ ಇದರಲ್ಲಿ ಕಿಂಗ್ ಡೇವಿಡ್ ಎಂಬ ನಿರ್ದಯ ವ್ಯಾಪಾರಿ ಹಳೆಯ ಸಾಲವನ್ನು ತೀರಿಸಲು ಊರಿಗೆ ಮರಳಿ ಬಂದು ಕೊಲೆಯಾಗುತ್ತಾನೆ. ಅವನು ಧ್ವನಿಮುದ್ರಿಸಿಟ್ಟ ಟೇಪುಗಳು ಪತ್ರಕರ್ತನೊಬ್ಬನ ಕೈಸೇರಿ, ಸತ್ತವನ ದನಿಯಲ್ಲಿಯೇ ಕಥೆ ತೆರೆದುಕೊಳ್ಳುತ್ತದೆ. ಕಥನದ ಭಾರವನ್ನು ಕಂಠವೇ ಹೊರುವ ಈ ರಚನೆ ಸಿಮನ್ಸ್ ಅವರ ಪ್ರತಿಭೆಗೆ ಸಹಜವಾಗಿ ಒದಗಿತು. ತಾನು ಮಾಡಿದ ಕೇಡನ್ನು ಬಡಾಯಿಯೂ ಇಲ್ಲದೆ, ಕ್ಷಮೆ ಯಾಚನೆಯೂ ಇಲ್ಲದೆ ಹೇಳಿಕೊಂಡು ಹೋಗುವ ಆ ನಿರೂಪಣೆ ಅವರ ತೆರೆಯ ಮೇಲಿನ ಶ್ರೇಷ್ಠ ಕೆಲಸವೆಂದು ಹೇಳಲು ಅಡ್ಡಿಯಿಲ್ಲ. ಪ್ರೇಕ್ಷಕರು ಮಾತ್ರ ಹೆಚ್ಚಾಗಿ ಬರಲಿಲ್ಲ, ಮತ್ತು ಅಂಥ ಪಾತ್ರ ಅವರಿಗೆ ಮತ್ತೆ ದೊರೆಯಲಿಲ್ಲ.

ಮುಂದಿನ ವರ್ಷಗಳನ್ನು ಚಟ, ಬಂಧನಗಳು ಮತ್ತು ಅಗ್ಗದ ಚಿತ್ರಗಳ ಚಿಕ್ಕ ಪಾತ್ರಗಳು ನುಂಗಿದವು. 2014ರ ‘ಟಾಪ್ ಫೈವ್’ ಚಿತ್ರದಲ್ಲಿ, ನಿರ್ದೇಶಕ ಕ್ರಿಸ್ ರಾಕ್, ಸಿಮನ್ಸ್ ಅವರಿಗೆ ಜೈಲಿನ ಕೋಣೆಯೊಂದರಲ್ಲಿ ಹಳೆಯದೊಂದು ಭಾವಗೀತೆಯನ್ನು ಹಾಡುವ ಪುಟ್ಟ ದೃಶ್ಯವನ್ನು ಕೊಟ್ಟರು. ನಗಿಸಲೆಂದು ಬರೆದ ಆ ದೃಶ್ಯ ಅವರ ದನಿಯಿಂದಾಗಿ ಮನಸ್ಸನ್ನು ಕಲಕುತ್ತದೆ. ಸುಮಾರು 17 ಲಕ್ಷ ಡಾಲರ್ ತೆರಿಗೆಯನ್ನು ತಪ್ಪಿಸಿದ ಪ್ರಕರಣದಲ್ಲಿ 2018ರ ಮಾರ್ಚ್‌ನಲ್ಲಿ ಶಿಕ್ಷೆ ಪ್ರಕಟವಾಗುವ ಮುನ್ನ, ಅವರ ವಕೀಲರು ನ್ಯಾಯಾಲಯದಲ್ಲಿ ‘ಸ್ಲಿಪ್ಪಿನ್’ ಎಂಬ ಅವರ ಹಾಡನ್ನು ನುಡಿಸಿ, ಬಾಲ್ಯದ ಗಾಯಗಳನ್ನು ನ್ಯಾಯಾಧೀಶರು ಆ ಕಂಠದಿಂದಲೇ ಕೇಳುವಂತೆ ಮಾಡಿದರು. ಸರ್ಕಾರಿ ವಕೀಲರು ಕೇಳಿದ್ದುದಕ್ಕಿಂತ ಕಡಿಮೆಯಾದ ಒಂದು ವರ್ಷದ ಶಿಕ್ಷೆ ವಿಧಿಸಲ್ಪಟ್ಟು, 2019ರ ಜನವರಿಯಲ್ಲಿ ಅವರು ಹೊರಬಂದರು. 2021ರ ಏಪ್ರಿಲ್ 9ರಂದು, ಕೊಕೇನ್ ಸೇವನೆಯಿಂದಾದ ಹೃದಯಸ್ತಂಭನದ ಪರಿಣಾಮವಾಗಿ, ಐವತ್ತನೆಯ ವಯಸ್ಸಿನಲ್ಲಿ ಅವರು ವೈಟ್ ಪ್ಲೇನ್ಸ್‌ನ ಆಸ್ಪತ್ರೆಯಲ್ಲಿ ತೀರಿಕೊಂಡರು. ಮುಂದಿನ ತಿಂಗಳು ಬಿಡುಗಡೆಯಾದ ‘ಎಕ್ಸೋಡಸ್’ ಆಲ್ಬಮ್ ಸಹ ಒಂದು ಪ್ರಾರ್ಥನೆಯೊಂದಿಗೇ ಮುಗಿಯುತ್ತದೆ.

ಅವರ ಚಿತ್ರಗಳಿಂದ ಹೊಸ ತಲೆಮಾರಿಗೆ ಹೆಚ್ಚು ತಲುಪಿರುವುದು ಒಂದು ಹಾಡು: ‘ಕ್ರೇಡಲ್ 2 ದ ಗ್ರೇವ್’ಗಾಗಿ ಅವರು ಮಾಡಿದ ‘ಎಕ್ಸ್ ಗಾನ್ ಗಿವ್ ಇಟ್ ಟು ಯಾ’. 2016ರಲ್ಲಿ ‘ಡೆಡ್‌ಪೂಲ್’ ಚಿತ್ರ ಇದನ್ನು ಬಳಸಿಕೊಂಡಾಗ, ಮೂಲ ಚಿತ್ರದ ಹೆಸರನ್ನೇ ಕೇಳಿರದ ಲಕ್ಷಾಂತರ ಯುವಕರು ಅದನ್ನು ಹುಡುಕಿಕೊಂಡು ಹೋದರು, ಮತ್ತು ಅಲ್ಲಿಂದ 1998ರ ಆಲ್ಬಮ್‌ಗಳತ್ತ ನಡೆದವರೂ ಅವರಲ್ಲಿದ್ದರು.